ಮೂರು ನೋಟ್‌ಬುಕ್ ಇವೆ, ಬೇಕಾದದ್ದು ಒಂದರಲ್ಲೂ ಸಿಗಲ್ಲ

ಪ್ರಶ್ನೆ: ನಮಸ್ಕಾರ ಸರ್. ಸಿಂಧನೂರು ಕಡೆ ಪ್ರೈಮರಿ ಶಾಲೆ ಟೀಚರ್ ನಾನು. ನೀವು ರಾಯಚೂರಿನಲ್ಲಿ ಅಡತಿ (ಕಮಿಷನ್ ವ್ಯಾಪಾರದ) ಅಂಗಡಿಗಳ ಲೆಕ್ಕ ಬರೆಯುತ್ತೀರಿ, ಬುಲೆಟ್ ಜರ್ನಲ್ (ಕೆಲಸ, ಟಿಪ್ಪಣಿ, ಸಭೆ ಎಲ್ಲಾ ಸಣ್ಣ ಗುರುತು ಹಾಕಿ ಒಂದೇ ಪುಸ್ತಕದಲ್ಲಿ ಬರೆದಿಡೋ ಪದ್ಧತಿ) ಕೂಡ ಇಟ್ಟಿದ್ದೀರಿ ಅಂತ ಗ್ರೂಪಿನಲ್ಲಿ ಹೇಳಿದ್ದಿರಿ, ಅದಕ್ಕೇ ಕೇಳುತ್ತಿದ್ದೇನೆ. ನನ್ನ ಮೂರು ನೋಟ್‌ಬುಕ್‌ಗಳಲ್ಲಿ ತರಬೇತಿ, ಕ್ಲಸ್ಟರ್ ಸಭೆ, ಮನೆ ಸಾಮಾನು, ಚೀಟಿ ದುಡ್ಡು ಎಲ್ಲಾ ಕಲಸುಮೇಲೋಗರ. ಮೊನ್ನೆ ಸಭೆಯಲ್ಲಿ ಏನೋ ಕೇಳಿದರು. ಬರೆದದ್ದು ನೆನಪಿದೆ, ಎಡಗಡೆ ಪುಟದಲ್ಲಿ ಕೆಳಗೆ ಅಂತಲೂ ನೆನಪಿದೆ, ಹುಡುಕಿದ್ದೇ ಬಂತು. ಹಾಳೆ ಹರಿದು ವಿಷಯವಾರು ಜೋಡಿಸಲಾ, ಇಲ್ಲಾ ಹೊಸದರಲ್ಲಿ ನೀಟಾಗಿ ಎತ್ತಿ ಬರೆಯಲಾ?

ಉತ್ತರ: ಎರಡೂ ಬೇಡ ಮೇಡಂ. ಪಿನ್ ಹೊಡೆದ ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆ ಆಚೆ ಕಡೆ ಕಳಚುತ್ತೆ.

ನಮ್ಮ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ನೋಡಿ. ಹತ್ತಿ ಗಾಡಿ ಬಂತು, ಹಮಾಲಿ ಕೊಟ್ಟೆವು, ಚಹಾದವನಿಗೆ ಕೊಟ್ಟೆವು, ಎಲ್ಲಾ ಬಂದ ಹಾಗೆ ಒಂದರ ಕೆಳಗೊಂದು. ಅಲ್ಲಿ ಯಾರೂ ವಿಂಗಡಿಸಲ್ಲ, ಆ ಕೆಲಸ ಖಾತಾವಹಿಯದು, ಅದರಲ್ಲಿ ಒಂದೊಂದು ಖಾತೆಗೆ ಬೇರೆ ಬೇರೆ ಪುಟ. ಕಿರ್ದಿ ಸಾಲಿನ ಪಕ್ಕ ಖಾತೆ ಪುಟದ ನಂಬರ್, ಖಾತೆಯಲ್ಲಿ ಕಿರ್ದಿ ಪುಟದ ನಂಬರ್. ಬುಲೆಟ್ ಜರ್ನಲ್‌ನ ಇಂಡೆಕ್ಸ್, ಅಂದರೆ ಯಾವ ವಿಷಯ ಯಾವ ಪುಟದಲ್ಲಿದೆ ಅನ್ನೋ ಪಟ್ಟಿ, ಮಾಡೋದೂ ಇದನ್ನೇ. 2013ರಲ್ಲಿ ಇದನ್ನು ಜನರ ಮುಂದಿಟ್ಟ ರೈಡರ್ ಕ್ಯಾರಲ್ ನ್ಯೂಯಾರ್ಕಿನ ಡಿಸೈನರ್, ಆದರೆ ನನಗೆ ಮೊದಲ ಸಲ ನೋಡಿದಾಗ ಅಂಗಡಿ ಗಾದಿ ಮೇಲೆ ಕೂತ ಹಾಗೇ ಆಯ್ತು.

ಮೂರೂ ಪುಸ್ತಕಕ್ಕೆ ನಂಬರ್ ಕೊಡಿ, ಪುಟದ ಮೂಲೆಯಲ್ಲಿ ಪುಟ ಸಂಖ್ಯೆ ಹಾಕಿ. 2.31 ಅಂದರೆ ಎರಡನೇ ಪುಸ್ತಕ, 31ನೇ ಪುಟ. ಹೊಸ ಪುಸ್ತಕದ ಮೊದಲ ನಾಲ್ಕು ಪುಟ ಬಿಟ್ಟು, ಅಲ್ಲಿ ‘ಕ್ಲಸ್ಟರ್ ಸಭೆ: 1.12, 2.31, 3.7’ ಅಂತ ಸೇರಿಸುತ್ತಾ ಹೋಗಿ. ಮತ್ತೆ ಹುಡುಕುವಂಥದ್ದು ಮಾತ್ರ, ಕೊತ್ತಂಬರಿ ಸಾಬೂನಿಗೆಲ್ಲಾ ಇಂಡೆಕ್ಸ್ ಯಾಕೆ? ಒಂದೇ ವಿಷಯ 31ರಿಂದ 47ಕ್ಕೆ ಹಾರಿದ್ದರೆ 31ರ ಕೆಳಗೆ ‘ಮುಂದೆ 47’, 47ರ ಮೇಲೆ ‘ಹಿಂದೆ 31’. ಬಿಸಿಯೂಟದ ಅಕ್ಕಿ ಲೆಕ್ಕ ಮಾತ್ರ ಶಾಲೆ ರಿಜಿಸ್ಟರ್‌ನಲ್ಲೇ ಇರಲಿ.

ಟೀಚರ್: ಗುರುತುಗಳದ್ದೂ ತಲೆನೋವು ಸರ್. ವಿಡಿಯೋ ನೋಡಿ ಹನ್ನೆರಡು ಬಣ್ಣದ ಪೆನ್ನು ತಂದೆ. ಮುಗಿಯದ ಕೆಲಸಗಳನ್ನು ಪ್ರತಿ ತಿಂಗಳು ಎತ್ತಿ ಬರೆದು ಸಾಕಾಯ್ತು.

ಉತ್ತರ: ಪೆನ್ನು ಮಕ್ಕಳಿಗೆ ಕೊಡಿ. ಕೆಲಸಕ್ಕೆ ಚುಕ್ಕೆ, ಟಿಪ್ಪಣಿಗೆ ಸಣ್ಣ ಗೀಟು, ಸಭೆ ಸಮಾರಂಭಕ್ಕೆ ಸೊನ್ನೆ. ಮುಗಿದರೆ ಚುಕ್ಕೆ ಮೇಲೇ ಇಂಟು ಮಾರ್ಕ್, ಮುಂದಿನ ತಿಂಗಳಿಗೆ ಹೋದರೆ ಅದನ್ನೇ > ಮಾಡಿ. ಎತ್ತಿ ಬರೆಯೋದು ಬೇಜಾರಾಗಲಿ ಅಂತಲೇ ಇರೋದು. ದೀಪಾವಳಿಗೆ ಹೊಸ ಖಾತಾವಹಿಗೆ ಒಂದೊಂದೇ ಬಾಕಿ ಎತ್ತಿ ಬರೆಯುವಾಗ ತಾನೇ ಗೊತ್ತಾಗೋದು, ಯಾವುದು ವಸೂಲಾಗುತ್ತೆ, ಯಾವುದು ಮುಳುಗಿತು ಅಂತ. ‘ಹೊಲಿಗೆ ಮಷಿನ್ ರಿಪೇರಿ’ ಅಂತ ನಾನೇ ಐದು ತಿಂಗಳು ಎತ್ತಿ ಬರೆದೆ, ಆರನೇ ತಿಂಗಳು ಗೀಟು ಹೊಡೆದುಬಿಟ್ಟೆ. ಮನೆಯವರು ಒಪ್ಪಿಲ್ಲ, ಅದು ಬೇರೆ ಮಾತು.

ಮಾನ್ವಿಯಿಂದ ಒಬ್ಬರು: ಅಣ್ಣಾ, ನನ್ನ ಜೆಲ್ ಪೆನ್ನಿನ ಇಂಡೆಕ್ಸ್ ಕೈ ಬೆವರಿಗೆ ಅಳಿಸಿಹೋಯ್ತು. ಬುಲೆಟ್ ಜರ್ನಲ್‌ಗೆ ಅಂತ ಮಾರೋ, ಗೆರೆ ಬದಲು ಚುಕ್ಕೆ ಇರೋ ಪುಸ್ತಕವನ್ನೇ ತರಿಸಬೇಕಾ?

ಉತ್ತರ: ಸುಮ್ನೆ ದುಡ್ಡು ದಂಡ. ಗೆರೆ ಇರೋ ಲಾಂಗ್ ಬುಕ್ ಸಾಕು, ಬಾಲ್ ಪೆನ್ ಹಿಡಿಯಿರಿ. ನಮ್ಮ ಕಡೆ ಬೇಸಿಗೆ ಗೊತ್ತಲ್ಲ, ಏಪ್ರಿಲ್ ಬಂತೆಂದರೆ ನಾನು ಕೈ ಕೆಳಗೆ ಹಳೇ ಕ್ಯಾಲೆಂಡರ್ ಹಾಳೆ ಮಡಚಿ ಇಟ್ಟುಕೊಂಡೇ ಬರೆಯೋದು.

ಟೀಚರ್: ಸರ್, ನಂಬರ್ ಹಾಕುವಾಗ ಸಿಕ್ಕಿತು! 1.57. ಬಲಗಡೆ ಪುಟ, ಮೇಲೆ.