ಸಹಾಯ ಬೇಕು: ರೇಡಿಯೇಷನ್‌ಗೆ ಮೊದಲು ಅಪ್ಪನಿಗೆ ಮೂತ್ರ ತಡೆಯೋಕೆ ಆಗುತ್ತಿಲ್ಲ

ಅಪ್ಪನಿಗೆ 71 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ 20 ಸಲದ ರೇಡಿಯೇಷನ್, 11 ಮುಗಿದಿದೆ. ಎರಡನೇ ವಾರದಿಂದ ಮೂತ್ರದ ಉರಿ, ಅವಸರ ಎರಡೂ ಜಾಸ್ತಿ. ರಾತ್ರಿ ಐದಾರು ಸಲ ಏಳುತ್ತಾರೆ.

ಪ್ರತಿ ಸಲ ರೇಡಿಯೇಷನ್‌ಗೆ ಮೊದಲು ಮೂತ್ರ ಮಾಡಿ ಬಂದು, ಅರ್ಧ ಲೀಟರ್ ನೀರು ಕುಡಿದು, 45 ನಿಮಿಷ ಕಾಯಬೇಕು. ಮೂತ್ರಕೋಶ ತುಂಬಿದ್ದರೆ ಕರುಳು ಮೇಲೆ ಸರಿಯುತ್ತದೆ, ಮೂತ್ರಕೋಶದ ಹೆಚ್ಚಿನ ಭಾಗಕ್ಕೂ ಕಿರಣ ತಾಗುವುದು ಕಡಿಮೆಯಾಗುತ್ತದೆ ಅಂತ ಹೇಳಿದ್ದಾರೆ. ಅದು ಅರ್ಥವಾಗುತ್ತದೆ. ಆದರೆ ಅರ್ಧ ಗಂಟೆಗೇ ಅಪ್ಪ ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೊನ್ನೆ ಮಷೀನ್ ಕೆಳಗೆ ಮಲಗಿದ ಮೇಲೂ ಎದ್ದು ಓಡಬೇಕಾಯಿತು. ಯಾರೂ ಏನೂ ಅನ್ನಲಿಲ್ಲ. ಆದರೂ ಆಮೇಲೆ ಅಪ್ಪನ ಮುಖ ನೋಡೋಕೆ ನನಗೆ ಆಗಲಿಲ್ಲ.

ಮೂತ್ರ ಪರೀಕ್ಷೆಯಲ್ಲಿ ಸೋಂಕು ಇಲ್ಲ. ಕಾಫಿ, ಟೀ ಬಿಡಿಸಿದ್ದೇವೆ. ಮೂತ್ರ ಸಲೀಸಾಗಿ ಹೋಗಲಿ ಅಂತ ಡಾಕ್ಟರ್ ಕೊಟ್ಟ ಟ್ಯಾಮ್ಸುಲೋಸಿನ್ ಔಷಧಿ ಶುರುವಾಗಿ ಐದು ದಿನ. ಧಾರೆ ಸ್ವಲ್ಪ ಸಲೀಸಾಗಿದೆ, ಅವಸರ ಹಾಗೇ ಇದೆ. ಒಂದು ದಿನ ನೀರು ಕಡಿಮೆ ಕುಡಿಸಿದೆವು. ಸ್ಕ್ಯಾನ್‌ನಲ್ಲಿ ಮೂತ್ರಕೋಶ ಚಿಕ್ಕದಾಗಿ ಕಂಡಿತು, ಮತ್ತೆ ಕುಡಿಸಿ ಕೂರಿಸಿದರು. ಈಗ ಅಪ್ಪ ಹೆದರಿ ಬೆಳಗ್ಗೆಯಿಂದ ನೀರೇ ಮುಟ್ಟುವುದಿಲ್ಲ. ಮೂತ್ರ ಗಟ್ಟಿಯಾದರೆ ಉರಿ ಇನ್ನೂ ಹೆಚ್ಚುತ್ತದೆ ಅಲ್ವಾ?

ಈ ಚಿಕಿತ್ಸೆ ಮುಗಿಸಿದವರು, ಜೊತೆಗಿದ್ದು ನೋಡಿಕೊಂಡವರು ದಯವಿಟ್ಟು ಹೇಳಿ. ಬೆಳಗ್ಗೆಯಿಂದ ನೀರನ್ನು ಹೇಗೆ ಹಂಚಿಕೊಂಡು ಕುಡಿದಿರಿ? ಕಾಯುವ ಸಮಯ ಕಡಿಮೆ ಮಾಡಿ, ಅಥವಾ ಕಡಿಮೆ ತುಂಬಿದ ಮೂತ್ರಕೋಶಕ್ಕೇ ಹೊಸ ರೇಡಿಯೇಷನ್ ಪ್ಲಾನ್ ಮಾಡಿ ಅಂತ ಮಧ್ಯದಲ್ಲಿ ಡಾಕ್ಟರನ್ನು ಕೇಳಬಹುದಾ? ನಿಮಗೆ ಹಾಗೆ ಮಾಡಿಕೊಟ್ಟಿದ್ದಾರಾ?