ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಹಿಡಿಯುವ ನಿಯಮಗಳು: ಅನುಭವಸ್ಥರು ದಯವಿಟ್ಟು ತಿಳಿಸಿ

ಪ್ರಶ್ನೆ: ಬೀವರ್ಟನ್, ಆರೆಗಾನ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ನನ್ನ ತಂದೆಯವರು ಜುಲೈ ಕೊನೆಯಲ್ಲಿ ಬಂದು ಮೂರು ತಿಂಗಳು ನಮ್ಮೊಡನೆ ಇರಲಿದ್ದಾರೆ. ತುಂಗೆಯ ದಡದಲ್ಲಿ ಗಾಳ ಹಾಕುತ್ತ ಬೆಳೆದ ಅವರಿಗೆ ಕೊಲಂಬಿಯಾ ನದಿಯಲ್ಲಿ ಒಂದು ಸಾಲ್ಮನ್ನಾದರೂ ಹಿಡಿಯಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಕಳೆದ ವರ್ಷ ಸ್ನೇಹಿತರೊಬ್ಬರ ದೋಣಿಯಲ್ಲಿ ಹೋಗಲು ನಾನು ದಿನ ಗೊತ್ತುಮಾಡಿಕೊಂಡಿದ್ದೆ. ನಿಯಮಗಳ ಪುಸ್ತಕದಲ್ಲಿ ಆ ದಿನ ಹಿಡಿಯಬಹುದೆಂದೇ ಇತ್ತು, ಆದರೆ ಹಿಂದಿನ ಸಂಜೆ ಆ ಭಾಗವನ್ನು ಮುಚ್ಚಿರುವುದು ತಿಳಿದುಬಂತು. ನದಿಯ ಒಂದು ದಡ ಆರೆಗಾನ್, ಇನ್ನೊಂದು ದಡ ವಾಷಿಂಗ್ಟನ್. ಯಾರ ಪರವಾನಗಿ ಬೇಕು, ಅವಧಿ ತೆರೆದಿದೆ ಎಂದು ಖಚಿತಪಡಿಸಿಕೊಳ್ಳುವುದು ಎಲ್ಲಿ, ಮಧ್ಯದಲ್ಲಿ ಹೀಗೆ ಮುಚ್ಚುವುದೇಕೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ವ್ಯಾಂಕೂವರ್, ವಾಷಿಂಗ್ಟನ್

ನಾನು ಈ ನದಿಯಲ್ಲಿ ಹನ್ನೊಂದು ವರ್ಷಗಳಿಂದ ಗಾಳ ಹಾಕುತ್ತಿದ್ದೇನೆ. ನಿಮಗೆ ಆದದ್ದು ನನಗೂ ಒಂದಕ್ಕಿಂತ ಹೆಚ್ಚು ಸಲ ಆಗಿದೆ. ನಿಯಮಗಳು ಕಷ್ಟವೆನಿಸಲು ಮುಖ್ಯ ಕಾರಣ ನಾವು ಅವನ್ನು ತಲೆಕೆಳಗಾಗಿ ಓದುವುದು. ಕೆರೆಯ ಟ್ರೌಟ್‌ಗೆ ಹೋಗುವಾಗ ಮಾಡುವಂತೆ ಸಾಲ್ಮನ್‌ಗೂ "ಎಲ್ಲಿ ನಿಷೇಧವಿದೆ" ಎಂದು ಹುಡುಕಬಾರದು. ವಾಷಿಂಗ್ಟನ್ನಿನ ನದಿಗಳಲ್ಲಿ ಸಾಲ್ಮನ್‌ಗೆ ಮೂಲ ನಿಯಮವೇ ಮುಚ್ಚಿರುವುದು. ಇಂಥ ನದಿಯ, ಇಂಥ ಗಡಿಯಿಂದ ಇಂಥ ಗಡಿಯವರೆಗೆ, ಇಂಥ ದಿನಾಂಕಗಳಲ್ಲಿ ತೆರೆದಿದೆ ಎಂದು ಬರೆದಿದ್ದರೆ ಮಾತ್ರ ಅದು ತೆರೆದಿರುತ್ತದೆ. ಬರೆದಿಲ್ಲವೆಂದರೆ ಇಲ್ಲ ಎಂದೇ ಅರ್ಥ.

ಎರಡನೆಯದಾಗಿ, ಪುಸ್ತಕಕ್ಕಿಂತ ತುರ್ತು ನಿಯಮ ದೊಡ್ಡದು. ವಾಷಿಂಗ್ಟನ್ ಮೀನು ಮತ್ತು ವನ್ಯಜೀವಿ ಇಲಾಖೆ ಪ್ರತಿ ವರ್ಷ ಜುಲೈ 1ರಿಂದ ಮರುವರ್ಷದ ಜೂನ್ 30ರವರೆಗೆ ಅನ್ವಯಿಸುವ ಪುಸ್ತಕವನ್ನು ಹೊರತರುತ್ತದೆ; ಆದರೆ ಕೊಲಂಬಿಯಾದಂಥ ನದಿಯಲ್ಲಿ ಋತು ನಡೆಯುತ್ತಿರುವಾಗಲೇ ತುರ್ತು ನಿಯಮಗಳು ಹೊರಬೀಳುತ್ತವೆ, ಅವು ಹೊರಬಿದ್ದ ಮೇಲೆ ಪುಸ್ತಕದ ಆ ಸಾಲಿಗೆ ಬೆಲೆಯಿಲ್ಲ. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ದೋಣಿಯನ್ನು ನೀರಿಗೆ ಇಳಿಸುವ ಮೊದಲು ಇನ್ನೊಮ್ಮೆ, ಇಲಾಖೆಯ ತುರ್ತು ನಿಯಮಗಳ ಪುಟವನ್ನಾಗಲಿ "ಫಿಶ್ ವಾಷಿಂಗ್ಟನ್" ಆ್ಯಪ್ ಅನ್ನಾಗಲಿ ನೋಡುವುದು ನನಗೆ ಈಗ ರೂಢಿಯಾಗಿದೆ. ಆರೆಗಾನ್ ಇಲಾಖೆಯೂ ಕೊಲಂಬಿಯಾ ವಲಯಕ್ಕೆಂದೇ ಪ್ರತ್ಯೇಕ ಪುಟವನ್ನಿಟ್ಟಿದೆ. ಹೆಸರು ಕೊಟ್ಟರೆ ಬದಲಾವಣೆಗಳನ್ನು ಇ-ಮೇಲ್ ಮೂಲಕ ಕಳುಹಿಸುವ ಏರ್ಪಾಟೂ ಇದೆ. ನಿಮ್ಮ ತಂದೆಯವರು ಬರುವ ಮೊದಲೇ ಅದಕ್ಕೆ ಸೇರಿಕೊಳ್ಳಿ.

ಪರವಾನಗಿಯ ವಿಷಯ. ಎರಡು ರಾಜ್ಯಗಳ ನಡುವೆ ಹರಿಯುವ ಮುಖ್ಯ ನದಿಯಲ್ಲಿ, ದೋಣಿಯ ಮೇಲಿಂದ ಹಿಡಿಯುವವರಿಗೆ ಎರಡರಲ್ಲಿ ಯಾವ ರಾಜ್ಯದ ಪರವಾನಗಿಯಾದರೂ ಸಾಕು. ದಡದಲ್ಲಿ ನಿಂತು ಗಾಳ ಹಾಕುವುದಾದರೆ ಆ ದಡ ಯಾವ ರಾಜ್ಯದ್ದೋ ಅದರ ಪರವಾನಗಿಯೇ ಬೇಕು. ಉಪನದಿಗೆ ತಿರುಗಿದಿರೆಂದರೆ ಅಲ್ಲಿಯೂ ಹಾಗೆಯೇ. ನಿಮ್ಮ ಆರೆಗಾನ್ ಕಾಗದ ವಾಷಿಂಗ್ಟನ್ ಕಡೆಯ ಉಪನದಿಯಾದ ಲೂಯಿಸ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ಪರವಾನಗಿಯ ಜೊತೆಗೆ ಹಿಡಿದ ಮೀನನ್ನು ದಾಖಲಿಸುವ ಕಾರ್ಡೂ ಬೇಕು. ಆರೆಗಾನ್‌ನಲ್ಲಿ ಅದನ್ನು ಟ್ಯಾಗ್ ಎನ್ನುತ್ತಾರೆ. ಮೀನನ್ನು ಇಟ್ಟುಕೊಳ್ಳಲು ನಿರ್ಧರಿಸಿದ ಕೂಡಲೇ ಅಲ್ಲಿಯೇ ದಾಖಲಿಸಬೇಕು, ಮನೆಗೆ ಬಂದ ಮೇಲೆ ಅಲ್ಲ. ವಾಷಿಂಗ್ಟನ್ ಕಾರ್ಡಿನ ಲೆಕ್ಕವನ್ನು, ಒಂದು ಮೀನೂ ಸಿಗದಿದ್ದರೂ, ಏಪ್ರಿಲ್ 30ರೊಳಗೆ ಒಪ್ಪಿಸಬೇಕು. ನಿಮ್ಮ ತಂದೆಯವರು ಹೊರಗಿನಿಂದ ಬಂದವರಾದ್ದರಿಂದ ಅವರಿಗೆ ಕೆಲವೇ ದಿನಗಳ ಪರವಾನಗಿ ಅನುಕೂಲ. ಕೊಳ್ಳುವಾಗ ಅದರಲ್ಲಿ ಸಾಲ್ಮನ್ ಮತ್ತು ಕೊಲಂಬಿಯಾ ಎರಡೂ ಸೇರಿವೆಯೇ ಎಂದು ಅಂಗಡಿಯವರನ್ನು ಕೇಳಿಯೇ ಹಣ ಕೊಡಿ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ವಾಷಿಂಗ್ಟನ್ನಿನ ಪರವಾನಗಿಯ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆರೆಗಾನ್‌ನದು ಜನವರಿಯಿಂದ ಡಿಸೆಂಬರ್. ನಿಯಮಗಳ ಪುಸ್ತಕದ ವರ್ಷ, ಮೇಲೆ ಹೇಳಿದಂತೆ, ಇನ್ನೂ ಬೇರೆ. ವಸಂತದಲ್ಲಿ ಬರುವ ಚಿನೂಕ್ ಎಂಬ ಜಾತಿಯ ಸಾಲ್ಮನ್ ಹಿಡಿಯಲೆಂದು ಫೆಬ್ರವರಿಯಲ್ಲಿ ಪರವಾನಗಿ ಕೊಂಡ ನಾನು ಅದು ಒಂದು ವರ್ಷ ನಡೆಯುತ್ತದೆಂದು ನಂಬಿ ಏಪ್ರಿಲ್ ಮೊದಲ ವಾರ ನದಿಗಿಳಿದೆ. ತಪಾಸಣೆಗೆ ಬಂದ ಅಧಿಕಾರಿ ದಿನಾಂಕ ತೋರಿಸಿದಾಗಲೇ ಅದು ನಾಲ್ಕು ದಿನಗಳ ಹಿಂದೆ ಮುಗಿದಿದೆಯೆಂದು ತಿಳಿದದ್ದು. ದಂಡ ಕಟ್ಟಿದೆ. ಅಂದಿನಿಂದ ಮೂರೂ ವರ್ಷಗಳ ಆರಂಭ, ಅಂತ್ಯಗಳನ್ನು ಒಂದು ಚೀಟಿಯಲ್ಲಿ ಬರೆದು ಗಾಳದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ.

ಕೊನೆಯದಾಗಿ, ಪ್ರಕಟಣೆಯ ಒಂದು ಸಾಲನ್ನು ಓದುವ ಬಗೆ. ಅದರಲ್ಲಿ ಮೊದಲು ಬರುವುದು ಗಡಿಗಳು. ನದಿಯ ಬಾಯಲ್ಲಿರುವ ಹತ್ತನೆಯ ಸಂಖ್ಯೆಯ ತೇಲುಗುರುತಿನಿಂದ, ಅಂದರೆ ಎಲ್ಲರೂ "ಬೂಯ್ 10" ಎನ್ನುವ ಜಾಗದಿಂದ, ಬಾನ್‌ವಿಲ್ ಅಣೆಕಟ್ಟಿನವರೆಗೆ ಸುಮಾರು 235 ಕಿಲೋಮೀಟರ್ ದೂರವಿದೆ, ಅದರಲ್ಲಿ ಒಂದು ತುಂಡು ತೆರೆದು ಪಕ್ಕದ ತುಂಡು ಮುಚ್ಚಿರುವುದು ಸಾಮಾನ್ಯ. ಆಮೇಲೆ ದಿನಾಂಕ, ಆಮೇಲೆ ದಿನದ ಮಿತಿ, ಆ ಮಿತಿಯೊಳಗೆ ದೊಡ್ಡ ಮೀನು ಎಷ್ಟು, ಅವುಗಳಲ್ಲಿ ಚಿನೂಕ್ ಎಷ್ಟು, ಯಾವುದನ್ನು ಬಿಡಬೇಕು. ಇಲ್ಲಿ 24 ಇಂಚು, ಎಂದರೆ ಸುಮಾರು 61 ಸೆಂಟಿಮೀಟರ್ ಇಲ್ಲವೇ ಅದಕ್ಕಿಂತ ಉದ್ದದ ಚಿನೂಕ್ ದೊಡ್ಡದು. ಚಿಕ್ಕದನ್ನು "ಜ್ಯಾಕ್" ಎನ್ನುತ್ತಾರೆ. ಈ ಆರನ್ನೂ ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದುಕೊಂಡರೆ ಗೊಂದಲ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಉತ್ತರ: ರಿಚ್‌ಲ್ಯಾಂಡ್, ವಾಷಿಂಗ್ಟನ್

ಮೇಲಿನವರು ಎಲ್ಲಿ ನೋಡಬೇಕೆಂದು ಹೇಳಿದ್ದಾರೆ. ಮಧ್ಯದಲ್ಲಿ ಮುಚ್ಚುವುದೇಕೆ ಎಂಬುದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಕಾರಣ ತಿಳಿದ ಮೇಲೆ ನನ್ನ ಬೇಸರ ಬಹಳ ಕಡಿಮೆಯಾಯಿತು.

ಮೊಟ್ಟೆಯಿಡಲು ಸಮುದ್ರದಿಂದ ಈ ನದಿಯಲ್ಲಿ ಒಟ್ಟಿಗೆ ಏರಿ ಬರುವ ಮೀನುಗಳೆಲ್ಲ ಒಂದೇ ಊರಿನವಲ್ಲ. ಒಂದೇ ಗುಂಪಿನಲ್ಲಿ, ಸಮೃದ್ಧವಾಗಿರುವ ಹ್ಯಾಚರಿಯ, ಅಂದರೆ ಮರಿ ಮಾಡಿ ನದಿಗೆ ಬಿಡುವ ಕೇಂದ್ರದ, ಮೀನೂ ಇರುತ್ತದೆ, ಕೊಲಂಬಿಯಾದ ಉಪನದಿಯಾದ ಸ್ನೇಕ್‌ಗೆ ಹಿಂತಿರುಗುತ್ತಿರುವ ಅಪಾಯದಂಚಿನ ಮೀನೂ ಇರುತ್ತದೆ. ಸ್ನೇಕ್ ನದಿಯ ಸಾಕ್‌ಐ ಎಂಬ ಜಾತಿಯ ಸಾಲ್ಮನ್ 1991ರಲ್ಲಿ, ಅಲ್ಲಿಯ ಚಿನೂಕ್ 1992ರಲ್ಲಿ ಅಳಿವಿನ ಭಯವಿರುವ ಜೀವಿಗಳ ಕಾನೂನಿನ ರಕ್ಷಣೆಗೆ ಸೇರಿದವು. ನಾವು ಬಿಟ್ಟುಬಿಟ್ಟ ಮೀನುಗಳಲ್ಲೂ ಕೆಲವು ಸಾಯುತ್ತವೆ ಎಂದು ಲೆಕ್ಕ ಹಾಕಿ, ಆ ಸಾವಿಗೂ ಒಂದು ಮಿತಿಯನ್ನು ಗೊತ್ತುಮಾಡಿರುತ್ತಾರೆ. ಆ ಮಿತಿ ಮುಟ್ಟಿದರೆ, ನದಿಯ ತುಂಬ ಮೀನಿದ್ದರೂ ಅವಧಿ ಮುಗಿಯಿತು.

ಋತುವಿಗೆ ಮೊದಲೇ ಎಷ್ಟು ಮೀನು ಬರಬಹುದೆಂಬ ಅಂದಾಜು ಮಾಡುತ್ತಾರೆ. ಸಮುದ್ರದ ಅವಧಿಗಳೂ ನದಿಯ ಅವಧಿಗಳೂ ಒಂದಕ್ಕೊಂದು ಹೊಂದಿಕೊಂಡು ಏಪ್ರಿಲ್ ಹೊತ್ತಿಗೆ ನಿರ್ಧಾರವಾಗುತ್ತವೆ. ಆಮೇಲೆ ಬಾನ್‌ವಿಲ್ ಅಣೆಕಟ್ಟಿನಲ್ಲಿ ಮೀನು ಹತ್ತಿ ದಾಟಲೆಂದು ಕಟ್ಟಿದ ಮೆಟ್ಟಿಲುಗಳ ಬಳಿ, ಗಾಜಿನ ಕಿಟಕಿಯ ಮುಂದೆ ಹಾದುಹೋಗುವ ಮೀನುಗಳನ್ನು ಜಾತಿವಾರು ಎಣಿಸಿ ದಿನದಿನವೂ ಪ್ರಕಟಿಸುತ್ತಾರೆ. ವಸಂತದ ಚಿನೂಕ್ ವಿಷಯದಲ್ಲಿ, ಈ ಎಣಿಕೆಯಿಂದ ಅಂದಾಜು ದೃಢವಾಗುವವರೆಗೆ ಶೇಕಡ 30ರಷ್ಟನ್ನು ಮುನ್ನೆಚ್ಚರಿಕೆಗಾಗಿ ಕಳೆದೇ ಪಾಲು ಹಂಚುತ್ತಾರೆ. ಎಣಿಕೆ ಅಂದಾಜಿಗಿಂತ ಕೆಳಗಿಳಿದರೆ ಮುಚ್ಚುತ್ತಾರೆ. ಮೇಲೇರಿದರೆ ಮತ್ತೆ ಕೆಲವು ದಿನ ತೆರೆಯುವುದೂ ಉಂಟು. 2013ರ ಶರತ್ಕಾಲದಲ್ಲಿ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ದೊಡ್ಡ ಚಿನೂಕ್‌ಗಳು ಬಾನ್‌ವಿಲ್ ದಾಟಿದವು. 2015ರ ಬೇಸಿಗೆಯಲ್ಲಿ ನೀರು ಕಾದು ಸುಮಾರು ಎರಡೂವರೆ ಲಕ್ಷ ಸಾಕ್‌ಐ ಸತ್ತವು. ಎರಡು ವರ್ಷಗಳಲ್ಲಿ ಇಷ್ಟು ಅಂತರ ಕಾಣುವ ನದಿಗೆ ವರ್ಷಕ್ಕೊಮ್ಮೆ ಅಚ್ಚಾಗುವ ಪುಸ್ತಕವೊಂದೇ ಸಾಲದು.

ಈ ಮೀನಿನ ಇನ್ನೂ ಕೆಲವು ಪಾಲುದಾರರನ್ನು ನಮ್ಮವರು ಬಹಳ ಸಲ ಮರೆಯುತ್ತಾರೆ. ಯಾಕಮಾ, ವಾರ್ಮ್ ಸ್ಪ್ರಿಂಗ್ಸ್, ಯುಮಟಿಲ್ಲಾ, ನೆಜ್ ಪರ್ಸ್ ಎಂಬ ನಾಲ್ಕು ಬುಡಕಟ್ಟುಗಳು 1855ರ ಒಪ್ಪಂದಗಳಲ್ಲಿ ತಮ್ಮ ಭೂಮಿಯ ಬಹುಭಾಗವನ್ನು ಬಿಟ್ಟುಕೊಟ್ಟರೂ ತಮ್ಮ ಹಳೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡವು. ಬಾನ್‌ವಿಲ್‌ಗಿಂತ ಮೇಲಿನ ನದಿಯಲ್ಲಿ ಅವರ ಬಲೆಗಳನ್ನು ಕಂಡು "ನಮಗಿಲ್ಲದ್ದು ಅವರಿಗೇಕೆ" ಎನ್ನುವವರನ್ನು ನಾನು ದಡದಲ್ಲಿ ಕೇಳಿದ್ದೇನೆ. ಅದು ಸರಕಾರ ದಯಪಾಲಿಸಿದ ರಿಯಾಯಿತಿಯಲ್ಲ, ಅವರು ಎಂದೂ ಕೊಟ್ಟುಬಿಡದ ಹಕ್ಕು. 1969ರಲ್ಲಿ ನ್ಯಾಯಾಧೀಶ ಬೆಲೋನಿ ಅವರು ನೀಡಿದ ತೀರ್ಪು ನ್ಯಾಯವಾದ ಪಾಲು ಅವರಿಗೆ ಸಲ್ಲಬೇಕೆಂದು ಹೇಳಿತು. ಅವರ ಅತಿ ದೊಡ್ಡ ಮೀನಿನ ತಾಣವಾಗಿದ್ದ ಸೆಲೈಲೋ ಜಲಪಾತ 1957ರ ಮಾರ್ಚ್ 10ರಂದು ಡ್ಯಾಲ್ಸ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದ ಕಥೆಯನ್ನು ಹತ್ತಿರದಿಂದ ಕೇಳಿರುವ ನಿಮ್ಮ ತಂದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

ಉತ್ತರ: ಲಾಂಗ್‌ವ್ಯೂ, ವಾಷಿಂಗ್ಟನ್

ಮೀನು ಗಾಳಕ್ಕೆ ಬಿದ್ದ ಮೇಲೆ ನಿರ್ಧರಿಸಲು ಹೆಚ್ಚು ಸಮಯ ಸಿಗುವುದಿಲ್ಲ, ಆದ್ದರಿಂದ ಗುರುತುಗಳನ್ನು ಮೊದಲೇ ಕಲಿಯಿರಿ. ಚಿನೂಕ್‌ನ ಕೆಳದವಡೆಯ ವಸಡು ಕಪ್ಪು, ಬಾಲದ ಎರಡೂ ಭಾಗಗಳಲ್ಲಿ ಚುಕ್ಕೆಗಳಿರುತ್ತವೆ. ಕೋಹೋ ಎಂಬ ಇನ್ನೊಂದು ಜಾತಿಯ ಸಾಲ್ಮನ್ನಿನ ವಸಡು ಬಿಳಿ, ಚುಕ್ಕೆಗಳು ಬಾಲದ ಮೇಲ್ಭಾಗದಲ್ಲಿ ಮಾತ್ರ. ಆಮೇಲೆ ಬೆನ್ನನ್ನು ನೋಡಬೇಕು: ಬೆನ್ನಿನ ದೊಡ್ಡ ಈಜುರೆಕ್ಕೆಗೂ ಬಾಲಕ್ಕೂ ನಡುವೆ ಬೆರಳ ತುದಿಯಷ್ಟಿರುವ ಪುಟ್ಟ ರೆಕ್ಕೆ ಇದೆಯೇ, ಅಥವಾ ಅದರ ಜಾಗದಲ್ಲಿ ಮಾಗಿದ ಗಾಯದ ಗುರುತಿದೆಯೇ? ಹ್ಯಾಚರಿಯವರು ಮರಿಯಿದ್ದಾಗಲೇ ಅದನ್ನು ಕತ್ತರಿಸಿ ಬಿಡುತ್ತಾರೆ. ಕೋಹೋ ಆದರೆ ಸಾಮಾನ್ಯವಾಗಿ ರೆಕ್ಕೆ ಕತ್ತರಿಸಿದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ಚಿನೂಕ್‌ಗೆ ಕೆಲವು ದಿನಗಳಲ್ಲಿ ಈ ನಿರ್ಬಂಧವಿರುತ್ತದೆ, ಕೆಲವು ದಿನಗಳಲ್ಲಿ ಇರುವುದಿಲ್ಲ. ನೆನ್ನೆಯ ನಿಯಮ ಇಂದಿಗೆ ಆದೀತೆಂದು ಎಣಿಸಬೇಡಿ.

ಮೊದಲ ವರ್ಷ ನಾನು ರೆಕ್ಕೆಯಿರುವ ಕೋಹೋ ಒಂದನ್ನು ಛಾಯಾಚಿತ್ರಕ್ಕಾಗಿ ದೋಣಿಯೊಳಕ್ಕೆ ಎತ್ತಿ ಹಿಡಿದಿದ್ದೆ. ಪಕ್ಕದ ದೋಣಿಯ ಹಿರಿಯರೊಬ್ಬರು, ಬಿಡಬೇಕಾದ ಸಾಲ್ಮನ್ನನ್ನು ನೀರಿನಿಂದ ಪೂರ್ತಿ ಹೊರತೆಗೆಯುವುದೇ ವಾಷಿಂಗ್ಟನ್ನಿನಲ್ಲಿ ಅಪರಾಧವೆಂದು ತಿಳಿಸಿದರು. ಅದು ನಿಯಮವೆಂಬುದಕ್ಕಿಂತ, ಹಲಗೆಯ ಮೇಲೆ ಹೊರಳಿ ಪೊರೆ ಕಿತ್ತ ಆ ಮೀನು ಮರಳಿ ನೀರಿಗೆ ಬಿದ್ದಾಗ ಪಕ್ಕಕ್ಕೆ ವಾಲಿದ್ದು ನನಗೆ ಇಂದಿಗೂ ನೋವು ಕೊಡುತ್ತದೆ. ಗಂಟಿಲ್ಲದ ಕೈಬಲೆ ಬಳಸಿ, ಮೀನನ್ನು ನೀರಿನಲ್ಲೇ ಇಟ್ಟು ಇಕ್ಕಳದಿಂದ ಕೊಕ್ಕೆ ತೆಗೆಯಿರಿ. ಮುಳ್ಳಿಲ್ಲದ ಕೊಕ್ಕೆ ಎಲ್ಲ ಕಡೆ ಕಡ್ಡಾಯವಲ್ಲದಿದ್ದರೂ ನಾನು ಬೇರೆಯದನ್ನು ಕಟ್ಟುವುದಿಲ್ಲ.

ದೋಣಿ ಇಳಿಸುವ ಜಾಗದಲ್ಲಿ ಇಲಾಖೆಯವರು ಬಂದು ಮೀನಿನ ಮೂತಿಯ ಮೇಲೆ ಒಂದು ಉಪಕರಣವನ್ನು ಆಡಿಸಿ, ಒಳಗೆ ಹ್ಯಾಚರಿಯವರು ಗುರುತಿಗಾಗಿ ಇಟ್ಟ ತಂತಿಯ ಚೂರು ಸಿಕ್ಕರೆ ಮೂತಿಯನ್ನು ಕೇಳಬಹುದು. ದಯವಿಟ್ಟು ಕೊಡಿ. ಅದು ಯಾವ ಹ್ಯಾಚರಿಯಿಂದ ಯಾವ ವರ್ಷ ಹೊರಟ ಮೀನೆಂಬುದು ಆ ಚೂರಿನಿಂದ ತಿಳಿಯುತ್ತದೆ, ಮುಂದಿನ ವರ್ಷದ ಅಂದಾಜಿಗೂ ಅದೇ ಆಧಾರ.

ಪ್ರಶ್ನೆ ಕೇಳಿದವರಿಂದ: ಬೀವರ್ಟನ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ದೂರವಾಣಿಯಲ್ಲಿ ಇದನ್ನೆಲ್ಲ ತಂದೆಯವರಿಗೆ ಓದಿ ಹೇಳಿದೆ. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನನ್ನು ಚಿಕ್ಕಂದಿನಲ್ಲಿ ಬುಟ್ಟಿಗಟ್ಟಲೆ ಹಿಡಿಯುತ್ತಿದ್ದುದನ್ನು ನೆನೆದು, ಎಲ್ಲವೂ ಮೊಟ್ಟೆ ತುಂಬಿದ ಮೀನುಗಳೇ ಆಗಿದ್ದವು, ಆಗ ಯಾರೂ ಎಣಿಸಲಿಲ್ಲ, ಈಗ ಆ ಹಳ್ಳದಲ್ಲಿ ಎಣಿಸಲು ಮೀನಿಲ್ಲ ಎಂದರು. ಒಂದು ಸಂದೇಹ ಉಳಿದಿದೆ: ಅವರಿಗೆ ಎಪ್ಪತ್ತೊಂದು ವರ್ಷ. ಬೂಯ್ 10ಕ್ಕೆ ಕರೆದುಕೊಂಡು ಹೋಗಬಹುದೇ?

ಉತ್ತರ: ವ್ಯಾಂಕೂವರ್, ವಾಷಿಂಗ್ಟನ್

ಬೂಯ್ 10ರಲ್ಲಿ ಆಗಸ್ಟ್‌ನಲ್ಲಿ ಮೀನು ಹೆಚ್ಚೆಂಬುದು ನಿಜ, ಆದರೆ ಅದು ನದಿ ಸಾಗರವನ್ನು ಸೇರುವ ಜಾಗ. ಇಳಿತದ ನೀರು ಎದುರುಗಾಳಿಗೆ ಸಿಕ್ಕಿದಾಗ ಅಲೆಗಳು ಬಹಳ ಬೇಗ ಏಳುತ್ತವೆ. ಚಿಕ್ಕ ದೋಣಿಯಲ್ಲಿ, ಅದೂ ಮೊದಲ ಸಲ, ಬೇಡವೆನ್ನುತ್ತೇನೆ. ಸೆಪ್ಟೆಂಬರಿನಲ್ಲಿ ನಮ್ಮ ಊರಿನ ಬಳಿಯ ಭಾಗ ತೆರೆದಿದ್ದರೆ ನನ್ನ ದೋಣಿಯಲ್ಲಿಯೇ ಬನ್ನಿ. ನದಿ ಅಲ್ಲಿ ಬಹಳ ಶಾಂತ, ಲೈಫ್ ಜ್ಯಾಕೆಟ್‌ಗಳು ನನ್ನಲ್ಲಿವೆ. ಅದಕ್ಕೂ ಮೊದಲು ಒಂದು ದಿನ ಅವರನ್ನು ಬಾನ್‌ವಿಲ್‌ನ ಆ ಗಾಜಿನ ಕಿಟಕಿಯ ಮುಂದೆ ಕೂರಿಸಿ. ವಸಡಿನ ಬಣ್ಣ ಅಲ್ಲಿ ಕಾಣದಿರಬಹುದು, ಆದರೆ ಬೆನ್ನಿನ ಪುಟ್ಟ ರೆಕ್ಕೆ ಇದೆಯೋ ಇಲ್ಲವೋ ಎಂಬುದನ್ನು ಗುರುತಿಸಲು ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ. ನಾವು ಹೊರಡುವ ಹಿಂದಿನ ರಾತ್ರಿ ತುರ್ತು ನಿಯಮಗಳನ್ನು ನೋಡಿ ನಾನೇ ನಿಮಗೆ ಫೋನ್ ಮಾಡುತ್ತೇನೆ.