ಸಹಾಯ ಬೇಕು: ನಮ್ಮ ಶಾಲೆಗೆ ಹಸೆ ಚಿತ್ತಾರ ಕಲಿಸುವವರು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮದೊಂದು ಸಣ್ಣ ಶಾಲೆ. ಒಂದರಿಂದ ಎಂಟನೇ ತರಗತಿವರೆಗೆ 46 ಮಕ್ಕಳು. ಟ್ಯಾಬ್, ಸ್ಮಾರ್ಟ್ ಬೋರ್ಡ್ ಬೇಡ ಅಂತ ನಾವೇ ಬಿಟ್ಟಿದ್ದೇವೆ. (ಮಳೆಗಾಲದಲ್ಲಿ ಕರೆಂಟ್ ಇದ್ದರೆ ತಾನೇ!) ಪಾಠದ ಜೊತೆ ತೋಟ, ಹಾಡು, ನಾಟಕ, ಹೊಲಿಗೆ ಇದೆ. ಜೂನ್‌ನಿಂದ ಮಕ್ಕಳೇ ಮಳೆ ಅಳೆದು ಬರೆದಿಡುತ್ತಾರೆ. ಐದನೇ ತರಗತಿಯವರಿಗೆ ದಶಾಂಶ ತಲೆಗೆ ಹೋಗಿದ್ದೇ ಆ ಮಿಲಿಮೀಟರ್ ಲೆಕ್ಕದಿಂದ.

ಈಗ ಮಲೆನಾಡಿನ ದೀವರ ಸಮುದಾಯದ ಹೆಂಗಸರು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ಕಲಿಸುವ ಆಸೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ಗಿಡದ ನಾರಿನ ಕುಂಚ. ಅಂಗಡಿ ಪೇಂಟ್ ಬೇಡ. ಆ ಗೆರೆಗಳಲ್ಲಿ ರೇಖಾಗಣಿತವೂ ಸಿಗುತ್ತದೆ, ಅಲ್ವಾ? ಶನಿವಾರ ಬೆಳಿಗ್ಗೆ ಎರಡು ತಾಸು ಬರಬಲ್ಲ ಅಜ್ಜಿ, ಅಕ್ಕ ಯಾರಾದರೂ ಗೊತ್ತಿದ್ದರೆ ತಿಳಿಸಿ. ಬಸ್ ಚಾರ್ಜ್, ಊಟ, ಸ್ವಲ್ಪ ಗೌರವಧನ ಕೊಡುತ್ತೇವೆ. ಪುಂಡಿ ನಾರು ಎಲ್ಲಿ ಸಿಗುತ್ತದೆ ಅಂತಲೂ ಹೇಳಿ.